ಕಲೆ ಹೋದರೂ ಚರ್ಮ ಮರೆಯುವುದಿಲ್ಲ: ಟಿ ಕೋಶಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ದೀರ್ಘಕಾಲ ಕಾಡುವ ಉರಿಯೂತದ ಕಾಯಿಲೆಗಳ ಹಿಂದೆ, ದೇಹವನ್ನು ಕಾಯುವ ಬಿಳಿ ರಕ್ತಕಣಗಳ ಒಂದು ಬಗೆಯಾದ ಟಿ ಕೋಶಗಳ ಪಾತ್ರ ದೊಡ್ಡದು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಆ ಒಂದು ಸಾಲನ್ನು ಹಿಡಿದುಕೊಂಡು ಬಂದ ಪತ್ರಗಳೇ ಈ ಸಲ ಹೆಚ್ಚು. ಸಂಧಿವಾತ ಮತ್ತು ಸ್ವಯಂನಿರೋಧಕ (ನಿರೋಧಕ ವ್ಯವಸ್ಥೆ ತನ್ನದೇ ದೇಹದ ಮೇಲೆ ಬೀಳುವ) ಕಾಯಿಲೆಗಳ ವೈದ್ಯೆಯಾಗಿ ನನಗೆ ಇದು ಸಂತೋಷದ ಸಂಗತಿ. ತಮ್ಮ ಕಾಯಿಲೆ ಹೇಗೆ ನಡೆಯುತ್ತದೆಂದು ತಿಳಿದವರು ಔಷಧಿಯನ್ನು ಅರ್ಧಕ್ಕೆ ಕೈಬಿಡುವುದು ಕಡಿಮೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿರುವುದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಡಾಕ್ಟರೇ, ನನಗೆ ಬಹಳ ವರ್ಷಗಳಿಂದ ಸೋರಿಯಾಸಿಸ್ ಇದೆ. ಔಷಧಿ ತೆಗೆದುಕೊಂಡಾಗ ಚರ್ಮ ಪೂರ್ತಿ ತಿಳಿಯಾಗುತ್ತದೆ. ನಿಲ್ಲಿಸಿದ ಕೆಲವು ತಿಂಗಳಿಗೆ ಮತ್ತೆ ಬರುತ್ತದೆ. ಅದೂ ಅದೇ ಮೊಣಕೈ, ಅದೇ ಮೊಣಕಾಲು, ಸೊಂಟದ ಮೇಲಿನ ಅದೇ ಜಾಗ. ಹಾಗೇಕೆ?

ಉತ್ತರ: ನೀವು ಗಮನಿಸಿರುವುದು ಈ ಕಾಯಿಲೆಯ ತಿರುಳು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸೋರಿಯಾಸಿಸ್ ಕಲೆಯಿಂದ ತೆಗೆದ ಬಯಾಪ್ಸಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಮೊದಲು ಕಣ್ಣಿಗೆ ಬೀಳುವುದು ಚರ್ಮದ ಮೇಲ್ಪದರ. ಅದು ಹಲವು ಪಟ್ಟು ದಪ್ಪಗಾಗಿ, ಉದ್ದುದ್ದ ಏಣುಗಳಾಗಿ ಕೆಳಗಿಳಿದಿರುತ್ತದೆ. ಚರ್ಮದ ಕೋಶವೊಂದು ತಳದಲ್ಲಿ ಹುಟ್ಟಿ ಮೇಲೆ ಬಂದು ಉದುರಲು ಸಾಮಾನ್ಯವಾಗಿ ಸುಮಾರು ಒಂದು ತಿಂಗಳು ಬೇಕು. ಇಲ್ಲಿ ಆ ಪ್ರಯಾಣ ಕೆಲವೇ ದಿನಗಳಲ್ಲಿ ಮುಗಿಯುವುದರಿಂದ ಬಲಿಯದ ಕೋಶಗಳು ಬೆಳ್ಳಗೆ ಹೊಟ್ಟಾಗಿ ಕಟ್ಟಿಕೊಳ್ಳುತ್ತವೆ. ವಿದ್ಯಾರ್ಥಿಗಳು ಅಲ್ಲಿಗೇ ನಿಂತುಬಿಡುತ್ತಾರೆ. ಇನ್ನೂ ಕೆಳಗೆ ನೋಡಿ ಎಂದು ನಾನು ಅವರಿಗೆ ಹೇಳುತ್ತೇನೆ. ಏಣುಗಳ ನಡುವೆ ಹಿಗ್ಗಿದ ರಕ್ತನಾಳಗಳಿರುತ್ತವೆ. ಅವುಗಳ ಸುತ್ತ ಕಡುನೀಲಿ ಚುಕ್ಕೆಗಳು ಗುಂಪುಗೂಡಿರುತ್ತವೆ. ಒಂದೊಂದು ಚುಕ್ಕೆಯೂ ಒಂದು ದುಂಡನೆಯ ಕೋಶ. ಕೋಶಕೇಂದ್ರವೇ ಒಳಗೆಲ್ಲ ತುಂಬಿಕೊಂಡು ಸುತ್ತ ತೆಳ್ಳನೆಯ ಅಂಚಷ್ಟೇ ಉಳಿದಿರುತ್ತದೆ. ಟಿ ಕೋಶಗಳ ಗುರುತಾದ ಸಿಡಿ3 ಎಂಬ ಪ್ರೋಟೀನಿಗೆ ಮಾತ್ರ ಹಿಡಿಯುವ ಕಂದು ಬಣ್ಣ ಹಾಕಿದರೆ ಆ ಚುಕ್ಕೆಗಳಲ್ಲಿ ಬಹುಪಾಲು ಕಂದಾಗುತ್ತವೆ. ಮೇಲ್ಪದರದ ಒಳಗೂ ಅಲ್ಲೊಂದು ಇಲ್ಲೊಂದು ಕಂದು ಚುಕ್ಕೆ ನುಸುಳಿ ಕುಳಿತಿರುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಹಾಗೆ ಮೇಲ್ಪದರದಲ್ಲಿ ಕುಳಿತ ಕೋಶಗಳಲ್ಲಿ.

ಸೋರಿಯಾಸಿಸ್ ಎಂದರೆ ಚರ್ಮದ ಕೋಶಗಳದ್ದೇ ದೋಷ ಎಂದು ವೈದ್ಯರು ಬಹುಕಾಲ ನಂಬಿದ್ದರು. ಆ ನಂಬಿಕೆ ಅಲುಗಾಡಿದ್ದು 1979ರಲ್ಲಿ. ಸೈಕ್ಲೋಸ್ಪೋರಿನ್ ಎಂಬ ಔಷಧಿಯನ್ನು ಕೀಲುಗಳ ಉರಿಯೂತ ಇದ್ದವರಿಗೆ ಕೊಟ್ಟು ನೋಡುತ್ತಿದ್ದಾಗ, ಅವರಲ್ಲಿ ಸೋರಿಯಾಸಿಸ್ ಇದ್ದವರ ಚರ್ಮವೂ ತಿಳಿಯಾಯಿತು. ಮಣ್ಣಿನ ಶಿಲೀಂಧ್ರವೊಂದರಿಂದ ದೊರೆತ ಈ ಔಷಧಿ ಟಿ ಕೋಶಗಳು ಎಚ್ಚರಗೊಳ್ಳುವುದನ್ನು ತಡೆಯುತ್ತದೆ. ಟಿ ಕೋಶ ಸುಮ್ಮನಾದರೆ ಚರ್ಮವೂ ಸುಮ್ಮನಾಗುತ್ತದೆ ಎಂದಾಯಿತು. ಬೇರೆ ಕಾರಣಕ್ಕೆ ಅಸ್ಥಿಮಜ್ಜೆಯ ಕಸಿ ಮಾಡಿಸಿಕೊಂಡವರಲ್ಲಿ ಸೋರಿಯಾಸಿಸ್ ಮಾಯವಾದದ್ದೂ ಉಂಟು, ಸೋರಿಯಾಸಿಸ್ ಇದ್ದ ದಾನಿಯ ಮಜ್ಜೆಯ ಜೊತೆಗೆ ಕಾಯಿಲೆ ಬಂದದ್ದೂ ಉಂಟು.

ಇನ್ನು 2004ರ ಒಂದು ಪ್ರಯೋಗ. ಸೋರಿಯಾಸಿಸ್ ಇರುವವರ ಮೈಮೇಲೆ ಕಲೆಯಿಲ್ಲದ, ನೋಡಲು ಪೂರ್ತಿ ಆರೋಗ್ಯವಾಗಿರುವ ಚರ್ಮವನ್ನು ತೆಗೆದು, ಸ್ವಂತ ಟಿ ಕೋಶಗಳೇ ಇಲ್ಲದ ಇಲಿಗಳ ಮೇಲೆ ಕಸಿ ಮಾಡಿದರು. ಹೊರಗಿನಿಂದ ಏನನ್ನೂ ಸೇರಿಸಲಿಲ್ಲ. ಆದರೂ ಆ ಚರ್ಮದಲ್ಲಿ ಸೋರಿಯಾಸಿಸ್ ಎದ್ದಿತು. ರಕ್ತದಿಂದ ಹೊಸ ಮಾನವ ಕೋಶಗಳು ಬರುವ ಹಾದಿಯೇ ಇರಲಿಲ್ಲ. ಕಾಯಿಲೆಗೆ ಬೇಕಾದ ಟಿ ಕೋಶಗಳು ಆ ಚರ್ಮದ ತುಂಡಿನೊಳಗೆ ಮೊದಲೇ ಮನೆ ಮಾಡಿಕೊಂಡಿದ್ದವು.

ಇವುಗಳನ್ನು ಅಂಗಾಂಶದಲ್ಲೇ ನೆಲೆಸಿದ ಸ್ಮೃತಿಕೋಶಗಳು ಎನ್ನುತ್ತೇವೆ. ಒಮ್ಮೆ ಸೋಂಕಾದ ಜಾಗಕ್ಕೆ ಅದೇ ರೋಗಾಣು ಮತ್ತೆ ಬಂದರೆ ತಡಮಾಡದೆ ಎದುರಿಸಲು ಪ್ರಕೃತಿ ಮಾಡಿರುವ ಏರ್ಪಾಡು ಇದು. ಅವು ರಕ್ತದಲ್ಲಿ ತಿರುಗುವುದಿಲ್ಲ, ಚರ್ಮ ಬಿಟ್ಟು ಕದಲುವುದಿಲ್ಲ, ವರ್ಷಗಟ್ಟಲೆ ಬದುಕಿರುತ್ತವೆ. ನಿಮ್ಮ ಮೊಣಕೈಯ ಕಲೆ ಮಾಯವಾದಾಗ ಅಲ್ಲಿನ ಉರಿಯೂತ ಇಳಿದಿರುತ್ತದೆ, ಹೊಟ್ಟು ಉದುರಿರುತ್ತದೆ, ಕೆಂಪು ಹೋಗಿರುತ್ತದೆ. ಆ ಕೋಶಗಳು ಮಾತ್ರ ಹೋಗಿರುವುದಿಲ್ಲ. ಔಷಧಿಯ ಹಿಡಿತ ಸಡಿಲವಾದಾಗ, ಗಂಟಲಿನ ಸೋಂಕು ಬಂದಾಗ, ಆ ಜಾಗಕ್ಕೆ ಪೆಟ್ಟು ಬಿದ್ದಾಗ ಅವು ಮತ್ತೆ ಇಂಟರ್‌ಲ್ಯೂಕಿನ್-17 ಎಂಬ ಸಂದೇಶದ ಪ್ರೋಟೀನನ್ನು ಸುರಿಸಲು ಶುರುಮಾಡುತ್ತವೆ. ಚರ್ಮದ ಕೋಶಗಳು ಆ ಸಂದೇಶ ಸಿಕ್ಕಿದ ಕೂಡಲೇ ಬೆಳೆಯುವ ವೇಗ ಹೆಚ್ಚಿಸಿಕೊಳ್ಳುತ್ತವೆ. ಆದ್ದರಿಂದ ಕಲೆ ಹೋದ ದಿನವೇ ಔಷಧಿ ನಿಲ್ಲಿಸಬೇಡಿ. ಕಡಿಮೆ ಮಾಡುವುದಿದ್ದರೆ ನಿಮ್ಮ ವೈದ್ಯರ ಜೊತೆ ಕುಳಿತು, ಹಂತ ಹಂತವಾಗಿ ಇಳಿಸಿ.

ಪ್ರಶ್ನೆ: ಮೇಡಂ, ನನಗೆ ರುಮಟಾಯ್ಡ್ ಸಂಧಿವಾತ. ನಿರೋಧಕ ಶಕ್ತಿ ಕಡಿಮೆಯಾಗಿದ್ದರಿಂದಲೇ ಹೀಗಾಯಿತು ಎಂದು ಮನೆಯವರೆಲ್ಲ ಹೇಳುತ್ತಾರೆ. ಶಕ್ತಿ ಹೆಚ್ಚಿಸುವ ಪುಡಿಯನ್ನೂ ತಂದುಕೊಟ್ಟಿದ್ದಾರೆ. ತೆಗೆದುಕೊಳ್ಳಬಹುದೇ?

ಉತ್ತರ: ಬೇಡ. ಮನೆಯವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಲೆಕ್ಕ ತಲೆಕೆಳಗಾಗಿದೆ. ನಿಮ್ಮ ಕೀಲುಗಳಲ್ಲಿ ಆಗುತ್ತಿರುವುದು ನಿರೋಧಕ ವ್ಯವಸ್ಥೆಯ ಸೋಮಾರಿತನದಿಂದಲ್ಲ. ಅದು ತನ್ನದೇ ದೇಹವನ್ನು ಗುರಿ ಮಾಡಿಕೊಂಡು ಬಿಡುವಿಲ್ಲದೆ ದುಡಿಯುತ್ತಿದೆ.

ಟಿ ಕೋಶಗಳ ಶಕ್ತಿಯನ್ನು ನಿಜವಾಗಿಯೂ ಹೆಚ್ಚಿಸಿದರೆ ಏನಾಗುತ್ತದೆ ಎಂಬುದು ನಮಗೆ ಚೆನ್ನಾಗಿ ಗೊತ್ತಿದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಅದನ್ನೇ ಮಾಡುತ್ತೇವೆ. ಟಿ ಕೋಶಗಳ ಮೇಲೆ ಸಿಟಿಎಲ್‌ಎ-4 ಮತ್ತು ಪಿಡಿ-1 ಎಂಬ ತಡೆಗಳಿವೆ. ಅವು ಕೆಲಸ ಮಾಡದಂತೆ ಮಾಡುವ ಔಷಧಿಗಳಲ್ಲಿ ಮೊದಲನೆಯದಾದ ಇಪಿಲಿಮುಮ್ಯಾಬ್‌ಗೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಈ ದಾರಿ ತೋರಿಸಿದ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರ ನೊಬೆಲ್ ಪ್ರಶಸ್ತಿ ಬಂತು. ಈ ಔಷಧಿಗಳು ಎಷ್ಟೋ ರೋಗಿಗಳ ಗಡ್ಡೆಗಳನ್ನು ಕರಗಿಸಿವೆ. ಆದರೆ ತಡೆ ಕಳಚಿದ ಟಿ ಕೋಶಗಳು ಗಡ್ಡೆಯ ಹತ್ತಿರವೇ ನಿಲ್ಲುವುದಿಲ್ಲ. ಕರುಳು ಉರಿಯುತ್ತದೆ, ಥೈರಾಯ್ಡ್ ಕೆಡುತ್ತದೆ, ಕೆಲವರ ಕೀಲುಗಳು ಊದಿಕೊಂಡು ನನ್ನ ವಿಭಾಗಕ್ಕೇ ಬರುತ್ತಾರೆ. ಕ್ಯಾನ್ಸರಿನ ಎದುರು ಅದು ಒಪ್ಪಿಕೊಳ್ಳಬಹುದಾದ ಬೆಲೆ. ನಿಮ್ಮ ಸ್ಥಿತಿಯಲ್ಲಿ ಅದು ಯಾವ ಕಾರಣಕ್ಕೂ ಬೇಡದ್ದು.

ಪುಡಿಗಳಿಗೆ ಆ ಮಟ್ಟದ ಶಕ್ತಿ ಇರುವುದಿಲ್ಲ ಎಂಬುದು ಬೇರೆ ಮಾತು. ನನ್ನ ಆತಂಕ ಅವುಗಳೊಳಗೆ ಏನಿದೆ ಎಂಬುದರ ಬಗ್ಗೆ. ಕೀಲುನೋವಿಗೆಂದು ಮಾರುವ ಕೆಲವು ಪುಡಿಗಳಲ್ಲಿ ಹೇಳದೆ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಎರಡೇ ದಿನದಲ್ಲಿ ನೋವು ಹಾರಿಹೋಯಿತು ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ಬರುವ ಅನುಮಾನ ಅದೇ. ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದರೆ ಯಕೃತ್ತಿನ ಮೇಲೆ ಇನ್ನೊಂದು ಹೊರೆ ಹೇರಬಾರದು. ಧೂಮಪಾನವಿದ್ದರೆ ಅದನ್ನು ಬಿಡಿ. ಹೊಗೆಯಿಂದ ಶ್ವಾಸಕೋಶದ ಪ್ರೋಟೀನುಗಳ ರೂಪ ಬದಲಾಗುತ್ತದೆ. ಕೆಲವು ಆನುವಂಶಿಕ ಗುಣಗಳಿರುವವರಲ್ಲಿ ಟಿ ಕೋಶಗಳು ಆ ಹೊಸ ರೂಪವನ್ನು ಪರಕೀಯವೆಂದು ಎಣಿಸಿಬಿಡುತ್ತವೆ.

ಪ್ರಶ್ನೆ: ನಾನು ಜೀವಶಾಸ್ತ್ರದ ವಿದ್ಯಾರ್ಥಿನಿ. ನಮ್ಮದು ಯಾವುದು, ಪರರದ್ದು ಯಾವುದು ಎಂದು ಟಿ ಕೋಶಕ್ಕೆ ಕಲಿಸುವವರು ಯಾರು? ಆ ಪಾಠ ತಪ್ಪುವುದು ಎಲ್ಲಿ?

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀಯಮ್ಮ. ಎದೆಮೂಳೆಯ ಹಿಂದೆ, ಹೃದಯದ ಮೇಲ್ಭಾಗಕ್ಕೆ ಒರಗಿಕೊಂಡು ಥೈಮಸ್ ಎಂಬ ಗ್ರಂಥಿ ಇದೆ. ಮಕ್ಕಳಲ್ಲಿ ದೊಡ್ಡದಾಗಿದ್ದು ವಯಸ್ಸಾದಂತೆ ಕುಗ್ಗಿ ಕೊಬ್ಬಾಗುತ್ತದೆ. ಇದಕ್ಕೆ ಕೆಲಸವೇ ಇಲ್ಲ ಎಂದುಕೊಂಡಿದ್ದ ಕಾಲವೊಂದಿತ್ತು. 1961ರಲ್ಲಿ ಜಾಕ್ವೆಸ್ ಮಿಲ್ಲರ್ ಆಗ ತಾನೇ ಹುಟ್ಟಿದ ಇಲಿಮರಿಗಳಿಂದ ಅದನ್ನು ತೆಗೆದು ನೋಡಿದರು. ಮರಿಗಳು ಸೋಂಕುಗಳಿಗೆ ಸುಲಭವಾಗಿ ತುತ್ತಾದವು, ಪರಕೀಯ ಚರ್ಮದ ಕಸಿಯನ್ನೂ ತಿರಸ್ಕರಿಸಲಾಗದೆ ಒಪ್ಪಿಕೊಂಡವು. ಟಿ ಕೋಶದ ಹೆಸರಿನಲ್ಲಿರುವ ಟಿ ಈ ಥೈಮಸ್‌ನದ್ದೇ.

ಮಜ್ಜೆಯಿಂದ ಬಂದ ಎಳೆಯ ಕೋಶಗಳು ಇಲ್ಲಿ ಗುರಿಯನ್ನು ಗುರುತಿಸುವ ತಮ್ಮ ಗ್ರಾಹಕದ ಜೀನುಗಳ ತುಣುಕುಗಳನ್ನು ಕಲಸಿ ಜೋಡಿಸಿಕೊಳ್ಳುತ್ತವೆ. ಒಂದೊಂದು ಕೋಶದ ಗ್ರಾಹಕವೂ ಬೇರೆ. ಜೋಡಣೆ ಹೇಗೆ ಬಂದರೆ ಹಾಗೆ ಆಗುವುದರಿಂದ ಸ್ವಂತ ದೇಹವನ್ನೇ ಹಿಡಿಯುವ ಗ್ರಾಹಕಗಳೂ ಹುಟ್ಟುತ್ತವೆ. ಅದಕ್ಕಾಗಿ ಥೈಮಸ್‌ನ ಕೆಲವು ಕೋಶಗಳು ಐರ್ ಎಂಬ ಜೀನಿನ ನೆರವಿನಿಂದ ಇನ್ಸುಲಿನ್‌ನಂತಹ ಬೇರೆ ಅಂಗಗಳ ಪ್ರೋಟೀನುಗಳನ್ನೂ ತಾವೇ ತಯಾರಿಸಿ ತೋರಿಸುತ್ತವೆ. ಅವುಗಳನ್ನು ಬಿಗಿಯಾಗಿ ಹಿಡಿದ ಕೋಶಕ್ಕೆ ಅಲ್ಲೇ ಸಾವು. ಯಾವುದನ್ನೂ ಗುರುತಿಸಲಾಗದ ಕೋಶಕ್ಕೂ ಸಾವೇ. ಥೈಮಸ್ ಹೊಕ್ಕವುಗಳಲ್ಲಿ ಶೇ. 95ಕ್ಕೂ ಹೆಚ್ಚು ಕೋಶಗಳು ಹೊರಬರುವುದೇ ಇಲ್ಲ.

ಇಷ್ಟು ಕಟ್ಟುನಿಟ್ಟಾದರೂ ಕೆಲವು ತಪ್ಪಿಸಿಕೊಳ್ಳುತ್ತವೆ. ನಿನ್ನ ರಕ್ತದಲ್ಲೂ ನನ್ನ ರಕ್ತದಲ್ಲೂ ಅಂಥವು ಈಗ ಓಡಾಡುತ್ತಿವೆ. ಹಾಗಿದ್ದರೂ ನಮ್ಮಲ್ಲಿ ಹೆಚ್ಚಿನವರು ಆರೋಗ್ಯವಾಗಿರುವುದಕ್ಕೆ ಕಾರಣ ನಿಯಂತ್ರಕ ಟಿ ಕೋಶಗಳು. ಇವುಗಳ ಕಥೆ ನನಗೆ ಬಹಳ ಇಷ್ಟ. ಅಮೆರಿಕದ ಓಕ್ ರಿಜ್ ಪ್ರಯೋಗಾಲಯದಲ್ಲಿ 1940ರ ದಶಕದಲ್ಲಿ ಕೆಲವು ಗಂಡು ಇಲಿಮರಿಗಳು ಹೊಟ್ಟೇಳುವ ಚರ್ಮ, ಊದಿದ ದುಗ್ಧಗ್ರಂಥಿಗಳೊಂದಿಗೆ ಹುಟ್ಟಿ ಕೆಲವೇ ವಾರಗಳಲ್ಲಿ ಸಾಯುತ್ತಿದ್ದವು. ಅವುಗಳ ಟಿ ಕೋಶಗಳು ತಮ್ಮದೇ ಅಂಗಗಳ ಮೇಲೆ ಬೀಳುತ್ತಿದ್ದವು. ಕಾರಣವಾದ ಜೀನನ್ನು ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ 2001ರಲ್ಲಿ ಹುಡುಕಿ ತೆಗೆದರು. ಅದೇ ಫಾಕ್ಸ್‌ಪಿ3. ಆ ಜೀನ್ ಕೆಟ್ಟ ಗಂಡುಮಕ್ಕಳಿಗೂ ಎಳೆತನದಲ್ಲೇ ಕರುಳು, ಚರ್ಮ, ಮೇದೋಜೀರಕ ಗ್ರಂಥಿಗಳಲ್ಲಿ ಭೀಕರ ಉರಿಯೂತ ಬರುತ್ತದೆ. ಇತ್ತ ಜಪಾನಿನ ಶಿಮೊನ್ ಸಕಾಗುಚಿ, ಉಳಿದ ಟಿ ಕೋಶಗಳನ್ನು ಹದ್ದುಬಸ್ತಿನಲ್ಲಿಡುವ ಒಂದು ಗುಂಪು ಇದೆ ಎಂದು 1995ರಲ್ಲೇ ತೋರಿಸಿದ್ದರು. ದಮನಕಾರಿ ಟಿ ಕೋಶ ಎಂಬ ಮಾತನ್ನೇ ವಿಜ್ಞಾನಿಗಳು ಅನುಮಾನದಿಂದ ಕಾಣುತ್ತಿದ್ದ ಕಾಲದಲ್ಲಿ ಅವರು ಪಟ್ಟು ಬಿಡದೆ ಕೆಲಸ ಮಾಡಿದರು. ಆ ಗುಂಪನ್ನು ರೂಪಿಸುವುದು ಫಾಕ್ಸ್‌ಪಿ3 ಎಂಬುದು 2003ರಲ್ಲಿ ಸ್ಪಷ್ಟವಾಯಿತು. ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂದಿದೆ.

ಪಾಠ ಎಲ್ಲಿ ತಪ್ಪುತ್ತದೆ ಎಂದು ನೀನು ಕೇಳಿದ್ದೆ. ಉರಿಯೂತ ಎದ್ದ ಜಾಗದಲ್ಲಿ ನಿಯಂತ್ರಕ ಕೋಶಗಳು ಇರುವುದೇ ಇಲ್ಲ ಎಂದಲ್ಲ. ಸಂಧಿವಾತದ ಕೀಲಿನಿಂದ ತೆಗೆದ ನೀರಿನಲ್ಲಿ ಅವು ಸಾಕಷ್ಟೇ ಸಿಗುತ್ತವೆ. ಆದರೆ ಸುತ್ತಲಿನ ಟಿ ಕೋಶಗಳು ಅವುಗಳ ಅಂಕೆಗೆ ಸಿಗದಷ್ಟು ಕೆರಳಿರುತ್ತವೆ.

ಪ್ರಶ್ನೆ: ನಮ್ಮ ತಾಯಿಗೆ ಸಂಧಿವಾತ. ಇಷ್ಟೆಲ್ಲ ಟಿ ಕೋಶಗಳಿಂದಲೇ ಆಗುವುದಾದರೆ, ಅವರ ವೈದ್ಯರು ಒಮ್ಮೆಯೂ ಟಿ ಕೋಶದ ಪರೀಕ್ಷೆ ಬರೆದುಕೊಟ್ಟಿಲ್ಲವಲ್ಲ? ಮಾತ್ರೆಯನ್ನೂ ವಾರಕ್ಕೊಂದೇ ದಿನ ಕೊಟ್ಟಿದ್ದಾರೆ. ಅದು ಸಾಕೇ?

ಉತ್ತರ: ವೈದ್ಯರು ಸರಿಯಾಗಿಯೇ ನಡೆದುಕೊಂಡಿದ್ದಾರೆ. ಟಿ ಕೋಶ, ಬಿ ಕೋಶಗಳಂತಹ ಬಿಳಿ ರಕ್ತಕಣಗಳಿಗೆ ಲಿಂಫೊಸೈಟ್ ಎನ್ನುತ್ತಾರೆ. ದೇಹದ ಲಿಂಫೊಸೈಟ್‌ಗಳಲ್ಲಿ ಯಾವುದೇ ಕ್ಷಣದಲ್ಲಿ ರಕ್ತದಲ್ಲಿರುವುದು ಸುಮಾರು ಶೇ. 2 ಮಾತ್ರ. ಉಳಿದವು ದುಗ್ಧಗ್ರಂಥಿ, ಗುಲ್ಮ, ಕರುಳು, ಚರ್ಮಗಳಲ್ಲಿವೆ. ನಿಮ್ಮ ತಾಯಿಯ ಕಾಯಿಲೆಯನ್ನು ನಡೆಸುತ್ತಿರುವ ಕೋಶಗಳು ಬೆರಳಿನ ಕೀಲಿನ ಒಳಪೊರೆಯಲ್ಲಿ ಕುಳಿತಿವೆ. ಆರೋಗ್ಯವಂತರಲ್ಲಿ ಆ ಒಳಪೊರೆಯ ಮೇಲ್ಪದರ ಒಂದೆರಡು ಕೋಶಗಳಷ್ಟು ತೆಳ್ಳಗಿರುತ್ತದೆ. ಸಂಧಿವಾತದಲ್ಲಿ ಅದು ದಪ್ಪಗಾಗಿ, ಟಿ ಕೋಶ, ಬಿ ಕೋಶ, ರೋಗಾಣುಗಳನ್ನು ನುಂಗುವ ಮ್ಯಾಕ್ರೊಫೇಜ್‌ಗಳಿಂದ ತುಂಬಿ, ಮೃದ್ವಸ್ಥಿಯ ಮೇಲೆ ಹಬ್ಬಿ ಮೂಳೆಯನ್ನು ಕೊರೆಯುತ್ತದೆ. ಟಿ ಕೋಶಗಳ ನೆರವಿನಿಂದಲೇ ಬಿ ಕೋಶಗಳು ಪ್ರತಿಕಾಯಗಳನ್ನು ತಯಾರಿಸುತ್ತವೆ. ಟಿ ಕೋಶಗಳ ಪ್ರಚೋದನೆಯಿಂದಲೇ ಮ್ಯಾಕ್ರೊಫೇಜ್‌ಗಳು ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನನ್ನು ಸುರಿಸುತ್ತವೆ. ಆ ಪ್ರತಿಕಾಯಗಳನ್ನು ಆ್ಯಂಟಿ-ಸಿಸಿಪಿ ಪರೀಕ್ಷೆಯಲ್ಲಿ, ಉರಿಯೂತದ ಬಿಸಿಯನ್ನು ಇಎಸ್‌ಆರ್ ಮತ್ತು ಸಿಆರ್‌ಪಿಯಲ್ಲಿ ಕಾಣಬಹುದು. ಚಿಕಿತ್ಸೆ ನಿರ್ಧರಿಸಲು ಅವು, ಜೊತೆಗೆ ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡುವ ವೈದ್ಯರ ಕೈ ಸಾಕು. ಟಿ ಕೋಶಗಳ ಎಣಿಕೆ ಮುಖ್ಯವಾಗುವುದು ಎಚ್‌ಐವಿಯಂತಹ ಬೇರೆ ಸಂದರ್ಭಗಳಲ್ಲಿ.

ಮಾತ್ರೆಯ ಬಗ್ಗೆ ನಾನು ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂದಿದ್ದೇನೆ. ನೀವು ಹೇಳುತ್ತಿರುವುದು ಮೆಥೋಟ್ರೆಕ್ಸೇಟ್ ಆಗಿದ್ದರೆ ಅದು ವಾರಕ್ಕೆ ಒಂದೇ ದಿನ. ಪ್ರತಿದಿನ ತೆಗೆದುಕೊಂಡರೆ ಮಜ್ಜೆ ಸೊರಗಿ, ಬಾಯಿ ಹುಣ್ಣಾಗಿ ಪ್ರಾಣಕ್ಕೇ ಅಪಾಯ. ನಾನು ಚೀಟಿಯಲ್ಲಿ ವಾರದ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದು, ಮನೆಯವರೊಬ್ಬರಿಂದ ಅದನ್ನು ಗಟ್ಟಿಯಾಗಿ ಓದಿಸಿಯೇ ಕಳುಹಿಸುತ್ತೇನೆ. ಫೋಲಿಕ್ ಆಮ್ಲದ ಮಾತ್ರೆಯನ್ನು ವೈದ್ಯರು ಹೇಳಿದ ದಿನ ತಪ್ಪದೆ ಕೊಡಿ. ಪೂರ್ಣ ಪರಿಣಾಮ ಕಾಣಲು ಎರಡು ಮೂರು ತಿಂಗಳಾದರೂ ಬೇಕು. ಸಾಕಾಗಲಿಲ್ಲವೆಂದರೆ ಮುಂದಿನ ಔಷಧಿಗಳಿವೆ. ಅವುಗಳಲ್ಲಿ ಅಬಟಾಸೆಪ್ಟ್ ಎಂಬುದು ನೇರವಾಗಿ ಟಿ ಕೋಶವನ್ನೇ ಉದ್ದೇಶಿಸಿದ್ದು. ಟಿ ಕೋಶ ಎಚ್ಚರಗೊಳ್ಳಲು ಎರಡು ಸಂಕೇತಗಳು ಬೇಕು. ಎರಡನೆಯ ಸಂಕೇತ ತಲುಪದಂತೆ ಅದು ಅಡ್ಡ ನಿಲ್ಲುತ್ತದೆ.

ಪ್ರಶ್ನೆ: ಸೋರಿಯಾಸಿಸ್‌ಗೆ ಇಂಟರ್‌ಲ್ಯೂಕಿನ್-17 ತಡೆಯುವ ಇಂಜೆಕ್ಷನ್ ಕೇಳಲು ಹೋದಾಗ ವೈದ್ಯರು ಹೊಟ್ಟೆನೋವು, ಭೇದಿ, ಕ್ಷಯ ಎಂದೆಲ್ಲ ಕೇಳಿದರು. ಚರ್ಮಕ್ಕೂ ಅದಕ್ಕೂ ಏನು ಸಂಬಂಧ?

ಉತ್ತರ: ಬಹಳ ಸಂಬಂಧವಿದೆ. ಇಂಟರ್‌ಲ್ಯೂಕಿನ್-17 ಸುರಿಸುವ ಟಿ ಕೋಶಗಳು ಪ್ರತ್ಯೇಕ ಪಂಗಡವೆಂದು ಖಚಿತವಾದದ್ದು 2005ರಲ್ಲಿ. ಹತ್ತು ವರ್ಷ ಕಳೆಯುವಷ್ಟರಲ್ಲಿ, 2015ರಲ್ಲಿ, ಅದನ್ನು ತಡೆಯುವ ಸೆಕುಕಿನುಮ್ಯಾಬ್ ಸೋರಿಯಾಸಿಸ್ ರೋಗಿಗಳ ಕೈಗೆ ಬಂತು. ಪ್ರಯೋಗಾಲಯದ ಒಂದು ತಿಳಿವಳಿಕೆ ಇಷ್ಟು ಬೇಗ ಔಷಧಿಯಾದದ್ದು ಅಪರೂಪ. ಚರ್ಮದಲ್ಲಿ ಅದು ಮಾಡುವ ಕೆಲಸವನ್ನು ನೋಡಿದವರು, ಕರುಳಿನ ಕ್ರೋನ್ಸ್ ಕಾಯಿಲೆಗೂ ಅದೇ ಮದ್ದು ಎಂದು ಭಾವಿಸಿದ್ದು ಸಹಜ. ಆ ಕರುಳಿನಲ್ಲೂ ಅದೇ ಟಿ ಕೋಶಗಳು, ಅದೇ ಇಂಟರ್‌ಲ್ಯೂಕಿನ್ ಹೇರಳವಾಗಿ ಸಿಗುತ್ತವೆ. ಆದರೆ 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರೋಗಿಗಳಿಗೆ ಲಾಭವಾಗಲಿಲ್ಲ, ಸೋಂಕು ಮತ್ತಿತರ ತೊಂದರೆಗಳೇ ಹೆಚ್ಚಾದವು.

ಕಾರಣ ತಿಳಿದದ್ದು ಆಮೇಲೆ. ಕರುಳಿನ ಒಳಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರಲು, ಶಿಲೀಂಧ್ರಗಳು ಮಿತಿಯಲ್ಲಿರಲು ಇದೇ ಇಂಟರ್‌ಲ್ಯೂಕಿನ್-17 ಬೇಕು. ಚರ್ಮದಲ್ಲಿ ಕಾಯಿಲೆ ತರುವ ಪ್ರೋಟೀನು ಕರುಳಿನಲ್ಲಿ ಕಾವಲು ಕಾಯುತ್ತದೆ. ಕೋಶ ಅದೇ ಆದರೂ ಅದು ಯಾವ ಅಂಗದಲ್ಲಿದೆ ಎಂಬುದರ ಮೇಲೆ ಅದರ ಗುಣ ನಿಂತಿದೆ. ಆದ್ದರಿಂದ ಕ್ರೋನ್ಸ್ ಇರುವವರಿಗೆ, ಅನುಮಾನವಿರುವವರಿಗೆ ನಾವು ಈ ಇಂಜೆಕ್ಷನ್ ಬರೆಯಲು ಹಿಂಜರಿಯುತ್ತೇವೆ. ಅದಕ್ಕಿಂತ ಒಂದು ಹೆಜ್ಜೆ ಮೇಲಿನ ಇಂಟರ್‌ಲ್ಯೂಕಿನ್-23 ತಡೆಯುವ ಔಷಧಿಗಳು ಚರ್ಮಕ್ಕೂ ಕರುಳಿಗೂ ಒಗ್ಗುತ್ತವೆ.

ಕ್ಷಯದ ಪ್ರಶ್ನೆ ಮುಖ್ಯವಾಗಿ ಟಿಎನ್‌ಎಫ್ ತಡೆಯುವ ಔಷಧಿಗಳಿಂದ ಬಂದದ್ದು, ಆದರೆ ಇಂತಹ ಎಲ್ಲ ಇಂಜೆಕ್ಷನ್‌ಗಳಿಗೂ ಮುನ್ನ ಕೇಳುತ್ತೇವೆ. ಹಿಂದೆಂದೋ ದೇಹ ಹೊಕ್ಕ ಕ್ಷಯದ ರೋಗಾಣುವನ್ನು ಟಿ ಕೋಶಗಳೂ ಮ್ಯಾಕ್ರೊಫೇಜ್‌ಗಳೂ ಸೇರಿ ಸಣ್ಣ ಗಂಟಿನೊಳಗೆ ದಿಗ್ಬಂಧಿಸಿಟ್ಟಿರುತ್ತವೆ. ಆ ಗಂಟು ಸಡಿಲವಾಗದಂತೆ ನೋಡಿಕೊಳ್ಳುವುದು ಟಿಎನ್‌ಎಫ್. ಅದನ್ನು ತಡೆದರೆ ರೋಗಾಣು ಹೊರಬೀಳಬಹುದು. ಪರೀಕ್ಷೆಗೆ ಬೇಸರಿಸಬೇಡಿ.

ಪ್ರಶ್ನೆ: ಕಾಟ ಕೊಡುವ ಟಿ ಕೋಶಗಳನ್ನೆಲ್ಲ ಒಂದೇ ಸಲ ನಾಶಮಾಡಿದರೆ ಮುಗಿಯಲಿಲ್ಲವೇ?

ಉತ್ತರ: ಎಚ್‌ಐವಿ ಒಂದು ಬಗೆಯ ಟಿ ಕೋಶವನ್ನು ಕೊಂದಾಗ ಏನಾಗುತ್ತದೆಂದು ಜಗತ್ತು ನೋಡಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆಯಲ್ಲಿ ಅಲೆಮ್ಟುಜುಮ್ಯಾಬ್ ಎಂಬ ಔಷಧಿಯಿಂದ ಲಿಂಫೊಸೈಟ್‌ಗಳನ್ನು ತಾತ್ಕಾಲಿಕವಾಗಿ ಅಳಿಸಿಹಾಕುವುದುಂಟು. ನರಗಳ ಕಾಯಿಲೆಗೆ ಅದು ಪ್ರಬಲ ಚಿಕಿತ್ಸೆಯೇ. ಆದರೆ ಕೋಶಗಳು ಮರಳಿ ಬೆಳೆಯುವಾಗ ಸಮತೋಲನ ತಪ್ಪಿ, ಅನೇಕರಲ್ಲಿ ಥೈರಾಯ್ಡಿನ ಮೇಲೆ ಹೊಸ ಸ್ವಯಂನಿರೋಧಕ ಕಾಯಿಲೆ ಶುರುವಾಗುತ್ತದೆ.

ಪ್ರಶ್ನೆ: ಇಂತಹ ಕಾಯಿಲೆಗಳಲ್ಲಿ ಮೂಲ ಕಾರಣವನ್ನೇ ತೆಗೆದು ಗುಣಪಡಿಸಿದ ಉದಾಹರಣೆ ಒಂದಾದರೂ ಇದೆಯೇ?

ಉತ್ತರ: ಒಂದಿದೆ, ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನ ಚೂರುಗಳನ್ನು ಕರುಳಿನ ಟಿ ಕೋಶಗಳು ಶತ್ರುವೆಂದು ಹಿಡಿಯುತ್ತವೆ. ಎಚ್‌ಎಲ್‌ಎ ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಆನುವಂಶಿಕ ಗುಣ ಇದ್ದವರಲ್ಲೇ ಇದು ಬರುವುದು. ಆ ಗುಣ ಇದ್ದವರಲ್ಲಿ ಬಹುತೇಕರಿಗೆ ಕಾಯಿಲೆ ಬರುವುದೇ ಇಲ್ಲ ಎಂಬುದೂ ನಿಜ. ಗ್ಲುಟೆನ್ ಪೂರ್ತಿ ಬಿಟ್ಟರೆ ಸವೆದ ಕರುಳು ತಿಂಗಳುಗಳಲ್ಲಿ, ಕೆಲವರಿಗೆ ವರ್ಷಗಳಲ್ಲಿ ಚೇತರಿಸಿಕೊಳ್ಳುತ್ತದೆ. ಟಿ ಕೋಶ ಕಾಣುತ್ತಿರುವುದು ಏನನ್ನು ಎಂದು ನಮಗೆ ಖಚಿತವಾಗಿ ತಿಳಿದಿರುವುದರಿಂದಲೇ ಇದು ಸಾಧ್ಯವಾಗಿದೆ. ಸಂಧಿವಾತ, ಸೋರಿಯಾಸಿಸ್, ಕ್ರೋನ್ಸ್‌ಗಳಲ್ಲಿ ಆ ಗುರಿ ಅಷ್ಟು ಸ್ಪಷ್ಟವಾಗಿಲ್ಲ.

ಆದರೂ ಗುಣವಾಯಿತು ಎಂಬ ಮಾತನ್ನು ಎಚ್ಚರಿಕೆಯಿಂದ ಬಳಸಬೇಕು. ವರ್ಷಗಟ್ಟಲೆ ಪಥ್ಯ ಮಾಡಿದವರು ಒಮ್ಮೆ ಗ್ಲುಟೆನ್ ತಿಂದರೆ ಕೆಲವೇ ಗಂಟೆಗಳಲ್ಲಿ ಅವರ ರಕ್ತದಲ್ಲಿ ಎಚ್ಚರಗೊಂಡ ಟಿ ಕೋಶಗಳು ಸುರಿಸುವ ಇಂಟರ್‌ಲ್ಯೂಕಿನ್-2 ಏರುತ್ತದೆ. ಸ್ಮೃತಿ ಅಲ್ಲೂ ಅಳಿದಿರುವುದಿಲ್ಲ.

ಪ್ರಶ್ನೆ: ಮಾನಸಿಕ ಒತ್ತಡದಿಂದ ಕಾಯಿಲೆ ಉಲ್ಬಣಿಸುತ್ತದೆ ಎನ್ನುವುದು ನಿಜವೇ?

ಉತ್ತರ: ಸೋರಿಯಾಸಿಸ್‌ನಲ್ಲಿ ಉಲ್ಬಣಕ್ಕೆ ಒತ್ತಡವೂ ಒಂದು ಕಾರಣವೆಂದು ಅನೇಕ ರೋಗಿಗಳು ಹೇಳುತ್ತಾರೆ, ನಾನು ಅದನ್ನು ನಂಬುತ್ತೇನೆ. ಆದರೆ ಚಿಂತೆ ಮಾಡಿದ್ದರಿಂದಲೇ ನಿನಗೆ ಕಾಯಿಲೆ ಬಂತು ಎಂದು ಮನೆಯಲ್ಲಿ ಯಾರಾದರೂ ದೂರಿದರೆ, ಈ ಪುಟವನ್ನು ಅವರಿಗೆ ತೋರಿಸಿ. ತಪ್ಪು ನಿಮ್ಮದಲ್ಲ.

ಪ್ರಶ್ನೆ: ನಮ್ಮ ದೊಡ್ಡ ಮಗನಿಗೆ ಟೈಪ್ 1 ಮಧುಮೇಹ. ಚಿಕ್ಕವಳಿಗೂ ಬರಬಹುದೇ ಎಂಬ ಭಯ. ಟಿ ಕೋಶವನ್ನು ಮೊದಲೇ ತಡೆಯಲು ಆಗುವುದಿಲ್ಲವೇ?

ಉತ್ತರ: ಮೊದಲು ಧೈರ್ಯ ತಂದುಕೊಳ್ಳಿ. ಒಡಹುಟ್ಟಿದವರಲ್ಲಿ ಸಾಧ್ಯತೆ ಸ್ವಲ್ಪ ಹೆಚ್ಚು, ಆದರೆ ಬಹುಪಾಲು ಮಕ್ಕಳಿಗೆ ಬರುವುದಿಲ್ಲ. ಈ ಕಾಯಿಲೆಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಟಿ ಕೋಶಗಳು ಒಂದೊಂದಾಗಿ ಕೊಲ್ಲುತ್ತವೆ. ಸಕ್ಕರೆ ಏರುವುದಕ್ಕೆ ತಿಂಗಳುಗಳು, ವರ್ಷಗಳು ಮೊದಲೇ ಅದಕ್ಕೆ ಸಂಬಂಧಿಸಿದ ಪ್ರತಿಕಾಯಗಳು ರಕ್ತದಲ್ಲಿ ಕಾಣುತ್ತವೆ. ಎರಡು ಅಥವಾ ಹೆಚ್ಚು ಬಗೆಯ ಪ್ರತಿಕಾಯಗಳಿದ್ದು, ಸಕ್ಕರೆ ಆಗಲೇ ಸ್ವಲ್ಪ ಏರುಪೇರಾಗಿರುವ ಎಂಟು ವರ್ಷ ಮೇಲ್ಪಟ್ಟವರಿಗಾಗಿ ಟೆಪ್ಲಿಜುಮ್ಯಾಬ್ ಎಂಬ ಔಷಧಿಗೆ ಅಮೆರಿಕದಲ್ಲಿ 2022ರ ನವೆಂಬರಿನಲ್ಲಿ ಅನುಮತಿ ಸಿಕ್ಕಿದೆ. ಹದಿನಾಲ್ಕು ದಿನ ರಕ್ತನಾಳದ ಮೂಲಕ ಕೊಡುತ್ತಾರೆ. ಅದು ಟಿ ಕೋಶದ ಅದೇ ಸಿಡಿ3 ಪ್ರೋಟೀನಿಗೆ ಅಂಟಿ ಅದರ ಕಾವು ಇಳಿಸುತ್ತದೆ. ಪ್ರಯೋಗದಲ್ಲಿ ಕಾಯಿಲೆ ಸರಾಸರಿ ಎರಡು ವರ್ಷ ಮುಂದೆ ಹೋಯಿತು. ಮಗುವಿನ ತಾಯಿಯೊಬ್ಬಳಿಗೆ ಇನ್ಸುಲಿನ್ ಇಲ್ಲದ ಎರಡು ವರ್ಷ ಎಂದರೆ ಏನೆಂದು ನನಗೆ ವಿವರಿಸಬೇಕಾಗಿಲ್ಲ. ಮಗಳಿಗೆ ಪ್ರತಿಕಾಯಗಳ ಪರೀಕ್ಷೆ ಬೇಕೇ ಎಂದು ಮಗನ ವೈದ್ಯರನ್ನೇ ಕೇಳಿ. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು ಕಂಡರೆ ಅದೇ ದಿನ ಸಕ್ಕರೆ ನೋಡಿಸಿ.

ಟಿ ಕೋಶವನ್ನೇ ಔಷಧಿಯಾಗಿ ಬಳಸುವ ಪ್ರಯತ್ನವೂ ನಡೆದಿದೆ. ಜರ್ಮನಿಯ ಎರ್ಲಾಂಗೆನ್‌ನಲ್ಲಿ 2021ರಲ್ಲಿ, ಬೇರೆ ಯಾವುದಕ್ಕೂ ಬಗ್ಗದ ಲೂಪಸ್ ಎಂಬ ಸ್ವಯಂನಿರೋಧಕ ಕಾಯಿಲೆ ಇದ್ದ ಯುವತಿಯ ಟಿ ಕೋಶಗಳನ್ನು ಹೊರತೆಗೆದು, ಅವಳದೇ ಬಿ ಕೋಶಗಳನ್ನು ಬೇಟೆಯಾಡುವಂತೆ ಮಾರ್ಪಡಿಸಿ ಮರಳಿ ದೇಹಕ್ಕೆ ಸೇರಿಸಿದರು. ಅವಳ ಕಾಯಿಲೆ ಹಿಮ್ಮೆಟ್ಟಿತು. ಆಮೇಲೆ ಇನ್ನೂ ಕೆಲವರಲ್ಲಿ ಇದು ಫಲ ಕೊಟ್ಟಿದೆ. ಇದು ಇನ್ನೂ ಪ್ರಯೋಗದ ಹಂತದಲ್ಲಿದೆ, ಆದರೂ ಲೂಪಸ್ ರೋಗಿಗಳನ್ನು ದಿನವೂ ನೋಡುವ ನನಗೆ ಆ ವರದಿ ಓದಿದಾಗ ಕಣ್ಣು ತುಂಬಿಬಂದಿತ್ತು.

ಪ್ರಶ್ನೆ: ನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಲಸಿಕೆ ಹಾಕಿಸಿಕೊಳ್ಳಬಹುದೇ? ಸರ್ಪಸುತ್ತು ಬರುತ್ತದೆ ಎಂದು ಹೆದರಿಸುತ್ತಾರೆ.

ಉತ್ತರ: ಹಾಕಿಸಿಕೊಳ್ಳಲೇಬೇಕು, ಆದರೆ ಯಾವುದು ಎಂದು ಕೇಳಿಕೊಂಡು. ಜೀವಂತ ರೋಗಾಣುವನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆಗಳು ಪ್ರಬಲ ಔಷಧಿಗಳ ನಡುವೆ ಬೇಡ. ಇನ್‌ಫ್ಲುಯೆಂಜಾ ಇಂಜೆಕ್ಷನ್, ನ್ಯುಮೋಕಾಕಸ್ ಲಸಿಕೆಗಳು ಜೀವಂತವಲ್ಲ, ತೊಂದರೆಯಿಲ್ಲ.

ಸರ್ಪಸುತ್ತಿನ ಭಯಕ್ಕೆ ಆಧಾರವಿದೆ. ಚಿಕ್ಕಂದಿನಲ್ಲಿ ಬಂದ ಚಿಕನ್‌ಪಾಕ್ಸ್‌ನ ವೈರಸ್ ನರಗಂಟುಗಳಲ್ಲಿ ಜೀವನವಿಡೀ ಅಡಗಿರುತ್ತದೆ. ಅದು ಮೇಲೇಳದಂತೆ ತಡೆದಿರುವುದು ಟಿ ಕೋಶಗಳು. ಟೊಫಾಸಿಟಿನಿಬ್‌ನಂತಹ ಜೆಎಕೆ ಎಂಬ ಕಿಣ್ವವನ್ನು ತಡೆಯುವ ಮಾತ್ರೆಗಳಲ್ಲಿ ಈ ಅಪಾಯ ಹೆಚ್ಚು. ಇದಕ್ಕೆ ಜೀವಂತ ವೈರಸ್ ಇಲ್ಲದ, ಎರಡು ಡೋಸಿನ ಲಸಿಕೆ ಬಂದಿದೆ. ಸಾಧ್ಯವಾದರೆ ಮಾತ್ರೆ ಶುರುಮಾಡುವ ಮೊದಲೇ ಹಾಕಿಸಿಕೊಳ್ಳಿ. ಈಗಾಗಲೇ ಶುರುಮಾಡಿದ್ದರೂ ಹಾಕಿಸಿಕೊಳ್ಳಬಹುದು. ಮೈಯ ಒಂದೇ ಬದಿಯಲ್ಲಿ ಉರಿ, ಆಮೇಲೆ ಸಾಲುಗುಳ್ಳೆಗಳು ಕಂಡರೆ ಮೂರು ದಿನದೊಳಗೆ ವೈದ್ಯರಲ್ಲಿಗೆ ಹೋಗಿ. ವೈರಸ್ ವಿರೋಧಿ ಮಾತ್ರೆ ಹೆಚ್ಚು ಫಲ ಕೊಡುವುದು ಆ ಅವಧಿಯಲ್ಲಿ. ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಅಷ್ಟೂ ಕಾಯಬೇಡಿ, ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ.